ಫುಲ್ ರೇಂಜ್ ಸ್ಪೀಕರ್ ಯಾವ್ದ್ ತಗೋಬೇಕು, ವಾಯರ್ ಹೆಂಗ ಜೋಡಿಸಬೇಕ್ರಿ?

ಹುಬ್ಳಿ_ರೇಡಿಯೋ:
ನಮಸ್ಕಾರ್ರೀ ಎಲ್ಲಾರ್ಗೂ. ನಮ್ಮ ಅಪ್ಪಾವ್ರ ಹತ್ರ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಇವರ ಕ್ಯಾಸೆಟ್ ಒಂದ್ ಟ್ರಂಕ್ ತುಂಬ ಅದಾವ್ರಿ, ಎರಡ್ ತಿಂಗ್ಳ ಕುಂತು ಎಲ್ಲಾ ಕಂಪ್ಯೂಟರಿಗೆ ಏರಿಸೇನಿ. ಈಗ ಕೇಳಾಕ ಒಂದ್ ಛಲೋ ಸ್ಟೀರಿಯೋ ಮಾಡ್ಬೇಕು. ಟಿವಿ ಸೌಂಡ್‌ಬಾರ್‌ಗೆ ಹಚ್ಚಿದ್ರ ಅಪ್ಪಾವ್ರು "ದನಿ ಕೊಡದಾಗಿಂದ ಬಂದಂಗ ಬರ್ತೈತಿ" ಅಂತ ಎದ್ದು ಹೋಗ್ತಾರ.

ಖೋಲಿ 10 ಬೈ 12 ಫೂಟ್ ಐತಿ. ಟಿಪಿಎ3116 ಚಿಪ್ಪಿನ ಸಣ್ಣ ಆಂಪ್ ಬೋರ್ಡ್ ತಂದೇನಿ, ಹಳೇ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್‌ನಾಗ ಓಡತೈತಿ. ಕ್ರಾಸೋವರ್ (ಮ್ಯಾಲಿನ ಸ್ವರ, ಕೆಳಗಿನ ಸ್ವರ ಬ್ಯಾರೆ ಬ್ಯಾರೆ ಸ್ಪೀಕರಿಗೆ ಹಂಚೋ ಸರ್ಕ್ಯೂಟ್) ತಲಿಬ್ಯಾನಿ ಬ್ಯಾಡ ಅಂತ 4 ಇಂಚಿನ 8 ಓಮ್ ಫುಲ್ ರೇಂಜ್ ಕೇಳಾಕ ಹೋದ್ರ, ಅಂಗಡ್ಯಾವ್ರು ಕಾರಿಗೆ ಹಾಕೋ 6×9 ಇಂಚಿನ ಸ್ಪೀಕರ್ ತೋರ್ಸಿ ಇದೂ ಫುಲ್ ರೇಂಜ್ ಅಂದ್ರು, ಅದು ಖರೇನಾ? ಇನ್ನೊಂದು, ಗ್ವಾಡಿ ಪೈಪಿನಾಗ ಮೊದ್ಲ ಎಳ್ದಿದ್ದ ಮೂರ್ ಎಳಿ ವಾಯರ್ ಐತಿ, ಸ್ಪೀಕರ್ ತನಕ 7 ಮೀಟರ್ ಆಗ್ತೈತಿ, ಎರಡೂ ಸ್ಪೀಕರಿನ ಪ್ಲಸ್‌ಗೆ ಒಂದೊಂದ್ ಎಳಿ, ಮೈನಸ್ ಎರಡಕ್ಕೂ ಕೂಡಿ ಒಂದ ಎಳಿ ಕೊಟ್ರ ನಡೀತೈತೇನ್ರಿ?

ಸೋಲ್ಡರ್_ಮೇಷ್ಟ್ರು:
ಕೊನೇ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ತೀನಿ: ಬೇಡ, ಖಂಡಿತಾ ಮಾಡ್ಬೇಡಿ. ನಿಮ್ಮ ಬೋರ್ಡ್ ಬ್ರಿಜ್ ಔಟ್‌ಪುಟ್‌ದು, ಅಂದ್ರೆ ಮೈನಸ್ ಅಂತ ಬರೆದಿರೋ ಟರ್ಮಿನಲ್ ಗ್ರೌಂಡ್ ಅಲ್ವೇ ಅಲ್ಲ, ಅದರ ಹಿಂದೇನೂ ಒಂದು ಆಂಪ್ಲಿಫೈಯರ್ ಕೂತು ಪ್ಲಸ್‌ಗೆ ಉಲ್ಟಾ ಸಿಗ್ನಲ್ ಕೊಡ್ತಿರುತ್ತೆ. ಲೆಫ್ಟು ರೈಟು ಎರಡರ ಮೈನಸ್ ಸೇರಿಸಿದ್ರೆ ಎರಡು ಆಂಪು ಒಂದನ್ನೊಂದು ತಳ್ಳಾಡ್ದಂಗೆ. ಚಿಪ್ಪಲ್ಲಿ ಪ್ರೊಟೆಕ್ಷನ್ ಇದೆ ನಿಜ, ಆದ್ರೆ ಅದನ್ನ ನಂಬ್ಕೊಂಡು ಕೂರೋದಲ್ಲ. ಹಳೇ ಕಾಲದ ಸ್ಟೀರಿಯೋಗಳಲ್ಲಿ ಮೈನಸ್ ಕಾಮನ್ ಇರ್ತಿತ್ತು, ಆ ಅಭ್ಯಾಸದಲ್ಲೇ ತುಂಬಾ ಜನ ಹೀಗೆ ಮಾಡ್ತಾರೆ.

ನಾಲ್ಕು ಎಳೆ ಬೇಕೇ ಬೇಕು. 1.5 ಸ್ಕ್ವೇರ್ ಎಂಎಂ ತಾಮ್ರದ ಎರಡು ಎಳೆ ವೈರು ಎರಡು ಎಳೆದ್ಬಿಡಿ. 7 ಮೀಟರ್ ಅಂದ್ರೆ ಹೋಗಿ ಬಂದು 14 ಮೀಟರ್, ಲೆಕ್ಕ ಹಾಕಿದ್ರೆ 0.16 ಓಮ್ ಅಷ್ಟೇ, 8 ಓಮ್ ಮುಂದೆ ಏನೂ ಅಲ್ಲ. ದುಬಾರಿ ಸ್ಪೀಕರ್ ಕೇಬಲ್‌ಗೆ ದುಡ್ಡು ಹಾಕ್ಬೇಡಿ, ಆ ದುಡ್ಡನ್ನ ಡ್ರೈವರ್‌ಗೆ, ಅಂದ್ರೆ ಬಾಕ್ಸ್ ಒಳಗೆ ಕೂರೋ ಸ್ಪೀಕರ್‌ಗೆ ಹಾಕಿ.

6×9 ವಿಷಯ: ಅದು ಕೋಆಕ್ಸಿಯಲ್, ಮಧ್ಯೆ ಟ್ವೀಟರ್ (ಮೇಲಿನ ಸ್ವರದ ಸಣ್ಣ ಸ್ಪೀಕರ್) ಕೂರಿಸಿ ಒಂದು ಕೆಪಾಸಿಟರ್ ಹಾಕಿರ್ತಾರೆ. ಎಲ್ಲಾ ಫ್ರೀಕ್ವೆನ್ಸಿ ಬರುತ್ತೆ ಅನ್ನೋ ಅರ್ಥದಲ್ಲಿ ಡಬ್ಬದ ಮೇಲೆ ಫುಲ್ ರೇಂಜ್ ಅಂತ ಅಚ್ಚು ಹಾಕ್ತಾರೆ. ನೀವು ಹುಡುಕ್ತಿರೋದು ಒಂದೇ ಕೋನು, ಒಂದೇ ಕಾಯಿಲ್. ದೊಡ್ಡ ಕೋನು, ಟ್ವೀಟರ್ ಎರಡೂ ಇರೋ ಸಾಮಾನ್ಯ ಟೂ ವೇ ಸ್ಪೀಕರಲ್ಲಿ ಕ್ರಾಸೋವರ್ 2-3 ಸಾವಿರ ಹರ್ಟ್ಜ್ ಹತ್ರ ಬೀಳುತ್ತೆ, ನಮ್ಮ ಕಿವಿ ಅಲ್ಲೇ ತುಂಬಾ ಚುರುಕು. ಫುಲ್ ರೇಂಜಲ್ಲಿ ಆ ಹೊಲಿಗೆನೇ ಇಲ್ಲ. ಗಾಯನ ಕೇಳೋರಿಗೆ ಅದಕ್ಕಿಂತ ಸುಖ ಇಲ್ಲ, ಇದು ನನ್ನ ಗಟ್ಟಿ ಅಭಿಪ್ರಾಯ. ಫಾಸ್ಟೆಕ್ಸ್ ಎಫ್ಇ103, ವಿಸಾಟನ್ ಎಫ್ಆರ್10 ಥರದವು ನೋಡಿ. ವ್ಯಾಟ್ಸ್ ನೋಡೋಕ್ ಮುಂಚೆ ಸೆನ್ಸಿಟಿವಿಟಿ (ಅಷ್ಟೇ ಪವರ್‌ಗೆ ಎಷ್ಟು ಜೋರಾಗಿ ಹಾಡುತ್ತೆ ಅನ್ನೋದು) ನೋಡಿ, 86 ಡಿಬಿ ಇರೋದು 89ರಷ್ಟೇ ಜೋರಾಗಿ ಹಾಡ್ಬೇಕಂದ್ರೆ ಎರಡರಷ್ಟು ಪವರ್ ತಿನ್ನುತ್ತೆ.

ಮಲ್ನಾಡ್_ಮರಗೆಲ್ಸ:
ಮೇಷ್ಟ್ರು ಹೇಳಿದ್ದೆಲ್ಲ ಸರಿ, ಆದ್ರೆ ಒಂದು ಬಿಟ್ರು. 4 ಇಂಚು ಕೋನಿಂದ ತಬಲಾದ ಡಗ್ಗಾ ಪೂರ್ತಿ ಬರಲ್ಲ ಮಾರಾಯ್ರೇ, ಎಡಗೈ ಮೀಂಡ್ ಎಳೆದಾಗ (ಸ್ವರ ಜಾರಿಸಿದಾಗ) ಮೇಲಿನ ನಾದ ಕೇಳುತ್ತೆ, ಹೊಟ್ಟೆ ಒಳಗಿನ ಗುಮ್ಮು ಇರಲ್ಲ. ಅದು ಗೊತ್ತಿದ್ದೇ ತಗೊಳ್ಳಿ.

ಬಾಕ್ಸ್ 18 ಎಂಎಂ ಪ್ಲೈವುಡ್‌ದು ಮಾಡ್ಸಿ, ಎಷ್ಟು ಲೀಟರ್ ಅನ್ನೋದು ಡ್ರೈವರ್ ಡೇಟಾಶೀಟ್ ನೋಡಿ, ಬಡಗಿ ಅಂದಾಜಲ್ಲ. ಇನ್ನೊಂದು ಸೂತ್ರ ಇದೆ, 115ನ್ನ ಬಾಕ್ಸಿನ ಅಗಲದಿಂದ (ಮೀಟರಲ್ಲಿ) ಭಾಗಿಸಿ, 20 ಸೆಂಟಿಮೀಟರ್ ಅಗಲ ಇದ್ರೆ ಸುಮಾರು 575 ಹರ್ಟ್ಜ್ ಬಂತು, ಅದರ ಕೆಳಗಿನ ಸ್ವರಗಳು ಬಾಕ್ಸಿನ ಹಿಂದಕ್ಕೂ ಸುತ್ಕೊಂಡು ಹೋಗ್ತಾವೆ, ಹಾಗಾಗಿ ದನಿ ತೆಳ್ಳಗೆ ಕೇಳುತ್ತೆ. ಇದಕ್ಕೆ ಕಾಯಿಲ್ಲು ರೆಸಿಸ್ಟರ್ರು ಹಾಕಿ ಸರಿ ಮಾಡ್ತಾರೆ, ಆದ್ರೆ ನಿಮ್ಮ ಸಣ್ಣ ರೂಮಿಗೆ ಮೊದ್ಲು ಸ್ಪೀಕರನ್ನ ಹಿಂದಿನ ಗೋಡೆಗೆ ಒಂದು ಗೇಣಿನಷ್ಟು ಹತ್ರ ಇಟ್ಟು ನೋಡಿ, ಅರ್ಧ ಕೊರತೆ ಗೋಡೆನೇ ತುಂಬುತ್ತೆ. ಕೋನು ಅಪ್ಪಯ್ಯನ ಕಿವಿ ಮಟ್ಟಕ್ಕೇ ಇರ್ಲಿ, ಸ್ವಲ್ಪ ಅವ್ರ ಕಡೆ ತಿರುಗಿಸಿ, ಯಾಕಂದ್ರೆ ಒಂದೇ ಕೋನಿನ ಮೇಲಿನ ಸ್ವರಗಳು ಟಾರ್ಚ್ ಬೆಳಕಿನಂಗೆ ನೇರ ಹೋಗೋದು.

ಎಸ್‌ಪಿ_ರೋಡ್_ಶನಿವಾರ:
ತಗೋಳೋವಾಗ ಮಲ್ಟಿಮೀಟರ್ ಜೇಬಲ್ಲಿರಲಿ ಗುರು. 8 ಓಮ್‌ದು ಮೀಟರಲ್ಲಿ 6-7 ತೋರಿಸುತ್ತೆ, ಅದು ಸರಿನೇ, 3-4 ಬಂದ್ರೆ ಅದು 4 ಓಮ್‌ದು. ಕೋನನ್ನ ಎರಡೂ ಕೈ ಬೆರಳಿಂದ ಸಮವಾಗಿ ಮೆತ್ತಗೆ ಒತ್ತಿ ನೋಡು, ಒಳಗೆ ಕರ್ ಅಂದ್ರೆ ವಾಪಸ್ ಕೊಟ್ಬಿಡು.

ಹುಬ್ಳಿ_ರೇಡಿಯೋ:
ಎಲ್ಲಾರ್ಗೂ ಭಾಳ ಥ್ಯಾಂಕ್ಸ್ ರೀ. ಮೂರ್ ವಾರ ಆತು, ಫಾಸ್ಟೆಕ್ಸ್ ಜೋಡಿ ತರ್ಸಿ ಬಾಕ್ಸ್ ಮಾಡ್ಸಿದೆ, ಎರಡೆರಡ್ ಎಳಿ ಹೊಸಾ ವಾಯರ್ ಎಳದೆ. ಆದ್ರ ನಿನ್ನೆ ಹಚ್ಚಿದ್ರ ಯಾಕೋ ದನಿ ಒಂದ್ ಕಡೆ ನಿಲ್ಲವಲ್ದು, ಖೋಲಿ ತುಂಬ ಚದುರಿದಂಗ, ಬೇಸ್ ಅಂತೂ ಇಲ್ಲ. ಮನ್ಸೂರ ಅವರ ಹಳೇ ರೆಕಾರ್ಡಿಂಗ್ ಮೋನೋ, ಅದು ನಡಬರಕ ಬರ್ಬೇಕಲ್ರಿ?

ಸೋಲ್ಡರ್_ಮೇಷ್ಟ್ರು:
ಒಂದು ಸ್ಪೀಕರ್ ಉಲ್ಟಾ ಆಗಿದೆ. ಆಂಪ್ ಆಫ್ ಮಾಡಿ, ಆಂಪ್ ಕಡೆ ವೈರ್ ಬಿಚ್ಚಿ, ಪೆನ್‌ಸೆಲ್ ತಗೊಂಡು ಪ್ಲಸ್ ವೈರಿಗೆ ಸೆಲ್ಲಿನ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಕೋನು ಹೊರಕ್ಕೆ ಬರ್ಬೇಕು. ಎರಡನ್ನೂ ನೋಡಿ. ಬಿಚ್ಚದೇ ಮಾತ್ರ ಮಾಡ್ಬೇಡಿ.

ಹುಬ್ಳಿ_ರೇಡಿಯೋ:
ಹೌದ್ರೀ ಮೇಷ್ಟ್ರ, ಎಡಗಡೇದು ಟಕ್ ಅಂತ ಹೊರಗ ಬಂತು, ಬಲಗಡೇದು ಒಳಗ ಹೋತು. ವಾಯರ್ ಎರಡೂ ಒಂದ ಬಣ್ಣದ್ದು, ಪೈಪಿನಾಗ ಎಳಿಯುವಾಗ ಗುರ್ತಿನ ಗೆರಿ ಇರೋ ಎಳಿ ಅದಲಿ ಬದಲಿ ಆಗಿತ್ತು. ತಿರುಗ್ಸಿ ಹಾಕಿ ಹಚ್ಚಿದೆ, ದನಿ ನಡುವ ಬಂದು ಕುಂತ್ತು, ಹಿಂದ ತಂಬೂರಿ ತಂತಿ ಒಂದೊಂದ ಬಿಡಿಸಿ ಕೇಳ್ತೈತಿ. ಅಪ್ಪಾವ್ರು ಕನ್ನಡಕ ತಗದಿಟ್ಟು ಒಂದ್ ತಾಸ್ ಅಲುಗಾಡ್ಲಿಲ್ಲ, ಆಮ್ಯಾಲೆ ಗಂಗೂಬಾಯಿದು ಹಚ್ಚು ಅಂದ್ರು. ಡಗ್ಗಾ ಸ್ವಲ್ಪ ಕಡಿಮಿ ಐತಿ ಖರೆ, ನಾಳೆ ಬಾಕ್ಸ್ ಇನ್ನೊಂಚೂರು ಗ್ವಾಡಿ ಕಡೆ ಸರಿಸಿ ನೋಡ್ತೇನ್ರಿ.