ರೋಲರ್ ಸ್ಕೀ ಕೊಳ್ಳುವ ಮುಂಚೆ: ಅಂಗಡಿಯವರನ್ನೇ ಕೇಳಿ

ಪ್ರಶ್ನೆ: ನಮಸ್ಕಾರ ಸರ್. ಒಸ್ಲೋಗೆ ಬಂದು ನಾಲ್ಕು ವರ್ಷವಾಯಿತು, ಮೂರು ಚಳಿಗಾಲ ಕ್ಲಾಸಿಕ್ ಸ್ಕೀ (ಎರಡೂ ಸ್ಕೀಯನ್ನು ನೇರವಾಗಿ, ಅಕ್ಕಪಕ್ಕ ಜಾರಿಸುವ ಬಗೆ) ಮಾಡಿದ್ದೇನೆ. ಬರುವ ಮಾರ್ಚ್‌ನಲ್ಲಿ ಬಿರ್ಕೆಬೈನರ್ ಅನ್ನುವ ಹಿಮದ ಸ್ಕೀ ಓಟದಲ್ಲಿ ಓಡುವ ಆಸೆ. ರೇನಾದಿಂದ ಲಿಲ್ಲೆಹಾಮರ್‌ಗೆ 54 ಕಿ.ಮೀ., ಬೆನ್ನಿಗೆ 3.5 ಕೆ.ಜಿ. ಚೀಲ ಬೇರೆ! ಬೇಸಿಗೆಯಲ್ಲಿ ರೋಲರ್ ಸ್ಕೀ, ಅಂದರೆ ರಸ್ತೆಯಲ್ಲಿ ಓಡುವ ಚಕ್ರದ ಸ್ಕೀ, ಮಾಡು ಅಂತ ಎಲ್ಲರೂ ಹೇಳುತ್ತಾರೆ. ಯಾವುದು ಕೊಳ್ಳಲಿ? ನನ್ನ ಎತ್ತರ 168 ಸೆಂ.ಮೀ. ನಿಜ ಹೇಳಬೇಕೆಂದರೆ ಇಳಿಜಾರು ಅಂದರೆ ಭಯ.

ಉತ್ತರ: ನಮಸ್ಕಾರ ಮೇಡಂ. ನಾನು ಇಲ್ಲಿನ ಸ್ಕೀ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಮಾಡುತ್ತೇನೆ. ನಿಮ್ಮ ಭಯ ಸರಿಯಾಗಿಯೇ ಇದೆ. ಸಾಮಾನ್ಯವಾಗಿ ರೋಲರ್ ಸ್ಕೀಗೆ ಬ್ರೇಕ್ ಇರುವುದಿಲ್ಲ. ಹಾಗಾಗಿ ಚಕ್ರದಿಂದಲೇ ಶುರು ಮಾಡೋಣ.

ಹಲವು ಕಂಪನಿಗಳು ಚಕ್ರಕ್ಕೆ 1, 2, 3 ಅಂತ ನಂಬರ್ ಕೊಡುತ್ತವೆ. 1 ಬೇಗ ಓಡುತ್ತದೆ, 2 ಮಾಮೂಲು, 3 ನಿಧಾನ. ನೀವು ನಿಧಾನದ್ದೇ ತಗೊಳ್ಳಿ. ಸಮತಟ್ಟು ರಸ್ತೆಯಲ್ಲಿ ಕೈ ನೋಯುತ್ತದೆ, ನೋಯಲಿ. ಇಳಿಜಾರಿನಲ್ಲಿ ಅದೇ ನಿಮ್ಮನ್ನು ಕಾಪಾಡುತ್ತದೆ. ಧೈರ್ಯ ಬಂದ ಮೇಲೆ ಚಕ್ರ ಬದಲಿಸಿದರಾಯಿತು. ನಂಬರಿನ ಲೆಕ್ಕ ಎಲ್ಲ ಕಂಪನಿಗೂ ಒಂದೇ ಅಲ್ಲ, ಮಾರ್ವೆಯದ್ದು ಬೇರೆ. ಕೇಳಿಯೇ ಕೊಳ್ಳಿ.

ಬಿರ್ಕೆಬೈನರ್ ಕ್ಲಾಸಿಕ್ ಓಟ. ಆದ್ದರಿಂದ ಕ್ಲಾಸಿಕ್ ರೋಲರ್ ಸ್ಕೀಯೇ ಬೇಕು. ಅದು ಸ್ಕೇಟಿಂಗ್‌ನದ್ದಕ್ಕಿಂತ (ಕಾಲನ್ನು ಪಕ್ಕಕ್ಕೆ ತಳ್ಳುತ್ತಾ ಹೋಗುವ ಬಗೆ) ಉದ್ದ, ಚಕ್ರ ಅಗಲ, ಅದರ ಮೇಲೆ ನಿಂತುಕೊಳ್ಳುವುದು ಸುಲಭ. ಒಂದು ಚಕ್ರದೊಳಗೆ ಹಿಂದಕ್ಕೆ ಉರುಳದಂತೆ ತಡೆ ಇರುತ್ತದೆ. ಒಂದು ಮಾತು ನೆನಪಿಡಿ: ಈ ತಡೆ ಯಾವಾಗಲೂ ಹಿಡಿಯುತ್ತದೆ, ಹಿಮ ಹಾಗಲ್ಲ. ತಡವಾಗಿ ಒದೆಯುವ ಕೆಟ್ಟ ಅಭ್ಯಾಸ ಇಲ್ಲೇ ಅಂಟಿಕೊಳ್ಳುತ್ತದೆ. ಅದಕ್ಕೇ ನಾನು ಎರಡೂ ಕೋಲನ್ನು ಒಟ್ಟಿಗೆ ಊರುವ ಅಭ್ಯಾಸ ಜಾಸ್ತಿ ಮಾಡಿ ಅನ್ನುತ್ತೇನೆ. ಬಿರ್ಕೆಬೈನರ್‌ಗೆ ತೋಳು, ಹೊಟ್ಟೆಯ ಬಲ ಬೇಕೇ ಬೇಕು.

ಅಲ್ಯೂಮಿನಿಯಂ ಚೌಕಟ್ಟು ಗಟ್ಟಿ, ಆದರೆ ಒರಟು ಡಾಂಬರಿನ ನಡುಕ ಕಾಲಿಗೆ ಬರುತ್ತದೆ. ಫೈಬರ್‌ಗ್ಲಾಸಿನದ್ದು ಅದನ್ನು ನುಂಗುತ್ತದೆ. ದುಡ್ಡಿದ್ದರೆ ಅದನ್ನೇ ಕೊಳ್ಳಿ.

ಪ್ರಶ್ನೆ: ಹಿಮದ ಬೂಟು, ಕೋಲು ನಡೆಯುತ್ತದಾ ಸರ್?

ಉತ್ತರ: ಬೂಟು ನಡೆಯುತ್ತದೆ, ಅಡಿಭಾಗ ಬೈಂಡಿಂಗ್‌ಗೆ (ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ) ಹೊಂದಬೇಕು ಅಷ್ಟೇ. ಕೋಲೂ ನಡೆಯುತ್ತದೆ, ಆದರೆ ಮೊನೆ ಬದಲಿಸಿ. ಡಾಂಬರಿಗೆ ಬೇರೆ ಕಾರ್ಬೈಡ್ ಮೊನೆ ಬರುತ್ತದೆ. ಕ್ಲಾಸಿಕ್ ಕೋಲು ಎತ್ತರದ ಸುಮಾರು 83 ಪ್ರತಿಶತ, ಅಂದರೆ ನಿಮಗೆ 140 ಸೆಂ.ಮೀ. ಆಸುಪಾಸು. ಮೊನೆಯನ್ನು ಆಗಾಗ ಡೈಮಂಡ್ ಅರದಿಂದ ಚೂಪು ಮಾಡಿ. ಮೊಂಡಾದರೆ ಕೋಲು ಜಾರುತ್ತದೆ, ಭುಜ ನೋಯುತ್ತದೆ. ನನ್ನ ಹತ್ತಿರ ಬರುವ "ಕೋಲು ಸರಿಯಿಲ್ಲ" ಅನ್ನುವ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಈ ಮೊನೆಯದ್ದೇ.

ಹೆಲ್ಮೆಟ್, ಕೈಗವಸು, ಹೊಳೆಯುವ ಜಾಕೆಟ್ ಬಿಡಲೇಬೇಡಿ. ಶುರುವಿನಲ್ಲಿ ಮಂಡಿ, ಮೊಣಕೈಗೂ ಪ್ಯಾಡ್ ಇರಲಿ. ಮಳೆ ಬಂದ ದಿನ ಮನೆಯಲ್ಲಿರಿ, ಒದ್ದೆ ರಸ್ತೆಯಲ್ಲಿ ಚಕ್ರ ಪಕ್ಕಕ್ಕೆ ಜಾರುತ್ತದೆ. ವಾಹನ ಓಡಾಡದ, ಕೊನೆಗೆ ಏರು ಇರುವ ರಸ್ತೆ ಹುಡುಕಿ. ಆಗ ವೇಗ ತಾನಾಗಿ ಇಳಿಯುತ್ತದೆ.

ಚಕ್ರದ ಒಳ ಅಂಚು ಬೇಗ ಸವೆಯುತ್ತದೆ. ಎಡ, ಬಲ ಅದಲುಬದಲು ಮಾಡುತ್ತಿರಿ. ತಡೆ ಇರುವ ಚಕ್ರ ಹಾಕುವಾಗ ಮಾತ್ರ ಅದು ಮುಂದಕ್ಕೇ ಉರುಳುತ್ತದಾ ಅಂತ ಕೈಯಲ್ಲಿ ತಿರುಗಿಸಿ ನೋಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮ ಕೊಡಗಿನ ಸ್ಕೀ ಓಟಗಾರ್ತಿ ಭವಾನಿ ತೆಕ್ಕಡ ನಂಜುಂಡ ಅವರ ಸ್ಕೀ ನೋಡಿ 11 ವರ್ಷದ ಮಗಳಿಗೂ ಆಸೆ ಹತ್ತಿದೆ. ದೊಡ್ಡವರ ರೋಲರ್ ಸ್ಕೀ ಕೊಡಬಹುದಾ?

ಉತ್ತರ: ಎಷ್ಟು ಒಳ್ಳೆಯ ಆಸೆ! ಆದರೆ ದೊಡ್ಡವರದ್ದು ಬೇಡ, ಭಾರ ಜಾಸ್ತಿ. ಮಕ್ಕಳಿಗೆ ಚಿಕ್ಕದು ಸಿಗುತ್ತದೆ, ಹಳೆಯದಾದರೂ ಸಾಕು. ಕೊಳ್ಳುವಾಗ ಚಕ್ರ ತಿರುಗಿಸಿ ಬೇರಿಂಗ್ ಕರಕರ ಅನ್ನುತ್ತದಾ ಕೇಳಿ. ಮೊದಲ ವಾರ ಕೋಲು ಕೊಡಬೇಡಿ. ಖಾಲಿ ಮೈದಾನದಲ್ಲಿ ಸಮತೋಲನ ಹಿಡಿಯುವುದು, ನಿಲ್ಲುವುದು, ಹುಲ್ಲಿಗೆ ಇಳಿಯುವುದು ಇಷ್ಟೇ ಕಲಿಯಲಿ.