ಕ್ರೋಮ್‌ನಲ್ಲಿ ಟೆಸ್ಟ್ ಪಾಸ್, ಅಂಗಡಿಯ ಫೋನಿನಲ್ಲಿ ಬಟನ್ನೇ ಇಲ್ಲ

ಪ್ರಶ್ನೆ (ಶಿರಸಿಯಿಂದ): ಅಕ್ಕಾ, ಇಲ್ಲಿಯ ಅಡಿಕೆ ವ್ಯಾಪಾರಿಯೊಬ್ಬರಿಗೆ ತೂಕದ ಲೆಕ್ಕ ಇಡುವ ವೆಬ್ ಆ್ಯಪ್ ಮಾಡಿಕೊಟ್ಟಿದ್ದೇನೆ. ಚಾಲಿ, ರಾಶಿ, ಬೆಟ್ಟೆ ಎಂಬ ಅಡಿಕೆಯ ಬಗೆಗಳಲ್ಲಿ ಒಂದನ್ನು ಆರಿಸಿ, ತೂಕ ಹಾಕಿ, ಪರದೆಯ ತಳದಲ್ಲಿರುವ 'ಉಳಿಸು' ಒತ್ತಬೇಕು. ಬ್ರೌಸರನ್ನು ತಾನೇ ನಡೆಸಿ ಪರೀಕ್ಷಿಸುವ ಸೆಲೆನಿಯಂನಲ್ಲಿ ಬರೆದ 40 ಟೆಸ್ಟೂ ಕ್ರೋಮ್‌ನ ಮೊಬೈಲ್ ಮೋಡ್‌ನಲ್ಲಿ ಪಾಸ್. ಆದರೆ ಅಂಗಡಿಯ ಹುಡುಗರು ತೂಕ ಹಾಕಲು ಹೋದರೆ 'ಉಳಿಸು' ಕಾಣುವುದೇ ಇಲ್ಲ ಅಂತಾರೆ. ಕ್ಲೌಡ್‌ನಲ್ಲಿ ನಿಜವಾದ ಫೋನ್ ಬಾಡಿಗೆಗೆ ಸಿಗುತ್ತವಂತೆ. ಎಷ್ಟು ಬೇಕು? ತುಂಬಾ ಖರ್ಚಾಗುತ್ತದಾ?

ಉತ್ತರ: ತಮ್ಮಾ, ಹುಡುಗರು ಹೇಳಿದ್ದು ಸರಿ. ಮೊಬೈಲ್ ಮೋಡ್ ಫೋನಿನ ಪರದೆಯ ಅಳತೆ, ಬೆರಳಿನ ಸ್ಪರ್ಶದಂಥವನ್ನು ಅನುಕರಿಸುತ್ತದೆ, ಅಷ್ಟೇ. ಅಲ್ಲಿ ಕೀಬೋರ್ಡ್ ಏಳುವುದಿಲ್ಲ. 2022ರ ಕೊನೆಗೆ ಬಂದ ಕ್ರೋಮ್ 108ರಿಂದ ಆಂಡ್ರಾಯ್ಡ್‌ನಲ್ಲಿ ಕೀಬೋರ್ಡ್ ಎದ್ದರೂ ಪುಟ ಕುಗ್ಗದು; ತಳಕ್ಕೆ ಫಿಕ್ಸ್ ಮಾಡಿದ ಬಟನ್ ಅದರ ಅಡಿಗೆ ಹೋಗಿಬಿಡುತ್ತದೆ. ಪುಟ ಪರದೆಗೆ ಹೇಗೆ ಹೊಂದಬೇಕೆಂದು ಬ್ರೌಸರಿಗೆ ಹೇಳುವ ಸಾಲು ಎಚ್‌ಟಿಎಂಎಲ್‌ನಲ್ಲಿದೆಯಲ್ಲ, ಆ ವ್ಯೂಪೋರ್ಟ್ ಮೆಟಾ ಟ್ಯಾಗಿಗೆ 'interactive-widget=resizes-content' ಸೇರಿಸು, ಹಳೇ ರೀತಿ ಮರಳುತ್ತದೆ. ನನ್ನನ್ನು ಕೇಳಿದರೆ, ಬಟನ್ನನ್ನು ತೂಕದ ಖಾನೆಯ ಕೆಳಗೇ ತಂದು ಕೂರಿಸುವುದು ಇನ್ನೂ ಒಳ್ಳೆಯದು. ಐಫೋನ್ ಹಿಡಿದವರಿಗೂ ಅದೇ ಸಲೀಸು.

ಬಾಡಿಗೆಯ ವಿಷಯ. ಮೊದಲು ಅಂಗಡಿಗೆ ಹೋಗಿ ಯಾರ ಕೈಯಲ್ಲಿ ಯಾವ ಫೋನ್ ಇದೆ ಬರೆದುಕೊಂಡು ಬಾ. ಅದರಲ್ಲಿ ನಾಲ್ಕೈದು ಮಾಡೆಲ್ ಸಾಕು, ನೂರು ಬೇಡ. ಅಮೆಜಾನ್‌ನ ಡಿವೈಸ್ ಫಾರ್ಮ್‌ನಲ್ಲಿ ಮೊದಲ 1,000 ನಿಮಿಷ ಉಚಿತ, ಆಮೇಲೆ ನಿಮಿಷಕ್ಕೆ 0.17 ಡಾಲರ್. 5 ಫೋನಿನಲ್ಲಿ 6 ನಿಮಿಷದ ಟೆಸ್ಟ್ ಓಡಿಸಿದರೆ 30 ನಿಮಿಷ, ಐದು ಡಾಲರ್ ಚಿಲ್ಲರೆ. ಹಾಗಾಗಿ 40 ಟೆಸ್ಟನ್ನೂ ಅಲ್ಲಿಗೆ ಒಯ್ಯಬೇಡ. ಲೆಕ್ಕ ಕೂಡುವ, ದರ ಗುಣಿಸುವ ಟೆಸ್ಟ್‌ಗಳು ನಿನ್ನ ಲ್ಯಾಪ್‌ಟಾಪ್‌ನಲ್ಲೇ ಇರಲಿ. ಬೆರಳು, ಕೀಬೋರ್ಡ್, ಕ್ಯಾಮೆರಾ ತಾಗುವಂಥವು ಮಾತ್ರ ಫೋನಿಗೆ. ಫೋನಿನಲ್ಲಿ ಟೆಸ್ಟ್ ಓಡಿಸುವ ಸಾಧನ ಅಪ್ಪಿಯಂ; ಸೆಲೆನಿಯಂ ಗೊತ್ತಿದ್ದವರಿಗೆ ಅದು ಹೊಸದಲ್ಲ, ಬ್ರೌಸರಿಗೆ ಆಜ್ಞೆ ಕೊಡಲು ಎರಡೂ ಮಾತಾಡುವುದು ವೆಬ್‌ಡ್ರೈವರ್ ಭಾಷೆಯನ್ನೇ. ಇನ್ನೊಂದು: ಆ ಫೋನುಗಳಿಗೆ ನಿನ್ನ ಲ್ಯಾಪ್‌ಟಾಪಿನ ಲೋಕಲ್‌ಹೋಸ್ಟ್ (ಅಂದರೆ ಅದರೊಳಗೇ ಓಡುವ ಆ್ಯಪ್) ಕಾಣುವುದಿಲ್ಲ. ಆ್ಯಪನ್ನು ಪರೀಕ್ಷೆಯ ಸರ್ವರ್‌ಗೆ ಏರಿಸಿಕೋ, ಬೆಳೆಗಾರರ ನಿಜವಾದ ಹೆಸರು, ಖಾತೆ ಮಾತ್ರ ಅಲ್ಲಿ ಹಾಕಬೇಡ.

ಮರುಪ್ರಶ್ನೆ: ಅಕ್ಕಾ, ಬಾಡಿಗೆ ಫೋನಿನಲ್ಲಿ ಓಡಿಸಿದೆ. ವಿಡಿಯೋದಲ್ಲಿ ಕೀಬೋರ್ಡ್ ಬಟನ್ನಿನ ಮೇಲೇ ಕೂತಿದ್ದು ಕಾಣುತ್ತದೆ, ಆದರೂ ಟೆಸ್ಟ್ ಪಾಸ್! ಹೇಗೆ?

ಉತ್ತರ: ವೆಬ್ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಪುಟದ ಒಳಗಿಂದ ಕೆಲಸ ಮಾಡುವಾಗ, ಅಪ್ಪಿಯಂನ ಕ್ಲಿಕ್ ಕ್ರೋಮ್ ನಡೆಸುವ ಕ್ರೋಮ್‌ಡ್ರೈವರ್ ಮೂಲಕ ನೇರ ಬ್ರೌಸರ್‌ನ ಒಳಗೇ ಹೋಗುತ್ತದೆ. ಮೇಲೆ ಕೀಬೋರ್ಡ್ ಇದ್ದರೂ ಅದಕ್ಕೆ ಅಡ್ಡಿಯಿಲ್ಲ, ಮನುಷ್ಯರ ಬೆರಳಿಗೆ ಮಾತ್ರ ಅಡ್ಡಿ. ಫೋನಿನ ಪರದೆಯನ್ನೇ ಮುಟ್ಟುವ ನೇಟಿವ್ ಕಾಂಟೆಕ್ಸ್ಟ್‌ಗೆ ಹೋಗಿ ತೂಕದ ಖಾನೆ ಮುಟ್ಟು, ಕೀಬೋರ್ಡ್ ಎದ್ದಿದ್ದನ್ನು ಖಾತ್ರಿ ಮಾಡಿಕೋ. ಮತ್ತೆ ವೆಬ್ ಕಾಂಟೆಕ್ಸ್ಟ್‌ಗೆ ಬಂದು ಬಟನ್ನಿನ ಕೆಳ ಅಂಚನ್ನು ವಿಷುವಲ್ ವ್ಯೂಪೋರ್ಟಿನ (ಪುಟದ ಕಣ್ಣಿಗೆ ಕಾಣುವ ಭಾಗದ) ಎತ್ತರದ ಜೊತೆ ಹೋಲಿಸು. ಅಂಚು ಎತ್ತರವನ್ನು ದಾಟಿತೋ, ಟೆಸ್ಟ್ ಫೇಲ್ ಆಗಬೇಕು. ಈಗಿನ ಕೋಡ್ ಮೇಲೆ ಅದು ಫೇಲ್ ಆದದ್ದು ಕಣ್ಣಾರೆ ನೋಡಿದ ಮೇಲೇ ಮೆಟಾ ಟ್ಯಾಗ್ ಸೇರಿಸು.

ಮರುಪ್ರಶ್ನೆ: ಮೊದಲು ಟೆಸ್ಟ್ ಕೆಂಪಾಯಿತು (ಫೇಲ್), ಟ್ಯಾಗ್ ಸೇರಿಸಿದ ಮೇಲೆ ಹಸಿರಾಯಿತು (ಪಾಸ್). ನಾಳೆ ಬೆಳಿಗ್ಗೆ ಅಂಗಡಿಗೆ ಹೋಗುತ್ತೇನೆ.

ಉತ್ತರ: ಹೋಗು. ತೂಕವನ್ನು ಕನ್ನಡ ಅಂಕಿಯಲ್ಲಿ ಹಾಕುವವರಿದ್ದಾರಾ ಅಂತಲೂ ವಿಚಾರಿಸು. '೧೨' ಅಂತ ಬರೆದರೆ ಜಾವಾಸ್ಕ್ರಿಪ್ಟ್ ಅದನ್ನು ಸಂಖ್ಯೆ ಅಂತ ಒಪ್ಪುವುದಿಲ್ಲ, ನೀನೇ ಬದಲಾಯಿಸಿಕೊಡಬೇಕು.