ಬಾರ್ಬಡೋಸ್‌ನಲ್ಲಿ ಒಂದು ವಾರ: ಕಟಮರಾನ್ ಟೂರ್‌ಗೆ ದುಡ್ಡು ಸುರಿಯಬೇಕಾ, ದಡದಿಂದಲೇ ನೀರಿಗಿಳಿಯಬೇಕಾ?

ಮಲ್ಲಿಗೆ_ಟೊರೊಂಟೊ: ಜುಲೈನಲ್ಲಿ ಒಂದು ವಾರ ಬಾರ್ಬಡೋಸ್. ಟೊರೊಂಟೊದಿಂದ ನೇರ ವಿಮಾನ. ಮೈಸೂರಿನಿಂದ ಬಂದಿರೋ ಅಪ್ಪ ಅಮ್ಮನೂ ಜೊತೆಗೆ. ಇಬ್ಬರಿಗೂ ಈಜು ಬರಲ್ಲ, ಇಬ್ಬರೂ ಸಸ್ಯಾಹಾರಿಗಳು. ಕಡಲಾಮೆ ನೋಡಬೇಕು ಅನ್ನೋದು ಅಮ್ಮನ ಆಸೆ. ಕಟಮರಾನ್ (ಎರಡು ಒಡಲಿನ ದೊಡ್ಡ ದೋಣಿ) ಟೂರ್ ಬುಕ್ ಮಾಡ್ಲಾ? ದಕ್ಷಿಣ ತೀರದಲ್ಲಿ ಉಳಿಯೋದಾ, ಪಶ್ಚಿಮದಲ್ಲಾ?

ಅಳಿವೆಬಾಗಿಲು: ಕಟಮರಾನ್ ಬೇಡವೇ ಬೇಡ. ತಲಾ ನೂರು ಅಮೆರಿಕನ್ ಡಾಲರ್ ದಾಟುತ್ತೆ. ಅದೇ ಆಮೆಗಳು ರಾಜಧಾನಿ ಬ್ರಿಜ್‌ಟೌನ್ ಪಕ್ಕದ ಕಾರ್ಲೈಲ್ ಬೇಯಲ್ಲಿ ದಡದಿಂದ ಈಜಿಹೋಗುವಷ್ಟು ದೂರದಲ್ಲೇ ಇರ್ತವೆ. ಮುಳುಗಿದ ಹಡಗುಗಳೂ ಅಲ್ಲೇ. 1919ರಲ್ಲಿ ಮುಳುಗಿದ ಬರ್ವಿನ್ ಅನ್ನೋ ಫ್ರೆಂಚ್ ಟಗ್ (ಹಡಗು ಎಳೆಯೋ ದೋಣಿ) ಎಷ್ಟು ಮೇಲಿದೆ ಅಂದ್ರೆ ಸ್ನಾರ್ಕೆಲ್ (ಮಾಸ್ಕ್ ಜೊತೆಗಿನ ಉಸಿರು ಕೊಳವೆ) ಹಾಕಿಕೊಂಡು ಮುಖ ತಗ್ಗಿಸಿದ್ರೆ ಸಾಕು, ಕಾಣುತ್ತೆ. ಜೆಟ್ ಸ್ಕೀಗಳ ಓಡಾಟ ಇರೋದರಿಂದ ಎದ್ದು ಕಾಣೋ ಬಣ್ಣದ ತೇಲುಬುರುಡೆ ಸೊಂಟಕ್ಕೆ ಕಟ್ಟಿಕೊಳ್ಳಿ.

ಸಾಧನಕೇರಿ_ಬಸ್ಯಾ: ಅದೆಲ್ಲಾ ಈಜು ಬರೋರಿಗೆ ಸರಿ ಅದ ರೀ. ಅವರ ಅಪ್ಪ ಅವ್ವಗ ಈಜು ಬರಂಗಿಲ್ಲ ಅಂತ ಮೊದಲೇ ಬರದಾರ. ಕಟಮರಾನ್‌ನ್ಯಾಗ ನೆರಳು ಇರ್ತದ, ಶೌಚಾಲಯ ಇರ್ತದ, ಲೈಫ್ ಜಾಕೆಟ್ ಇರ್ತದ, ಊಟಾನೂ ಅಲ್ಲೇ. ಐದು ತಾಸು ಆರಾಮ ಕುಂತು ಬರ್ತಾರ.

ಅಳಿವೆಬಾಗಿಲು: ಕುಂತು ಬರೋದಕ್ಕಾದ್ರೆ ಸರಿ. ಆದರೆ ಆಮೆ ನೋಡೋಕೆ ದೋಣಿಯಿಂದ ಏಣಿ ಹಿಡಿದು ಕಾಲಿಗೆ ತಳ ಸಿಗದ ನೀರಿಗೆ ಇಳೀಬೇಕು. ಈಜು ಬರದವರು ಗಾಬರಿಯಾಗೋದು ಅಲ್ಲೇ. ದಡದಿಂದಾದ್ರೆ ಮೊದಲು ಎದೆಮಟ್ಟದ ನೀರಲ್ಲಿ ನಿಂತು ಮಾಸ್ಕ್ ಅಭ್ಯಾಸ ಮಾಡಬಹುದು. ಇನ್ನೊಂದು ಮಾತು: ಎಷ್ಟೋ ದೋಣಿಯವರು ಮೀನು ಎಸೆದು ಆಮೆಗಳನ್ನ ಕರೀತಾರೆ. ಅಭ್ಯಾಸವಾದ ಆಮೆ ದೋಣಿ ಶಬ್ದ ಕೇಳಿದ್ರೆ ತಾನೇ ಹತ್ತಿರ ಬರುತ್ತೆ, ಪ್ರೊಪೆಲ್ಲರ್ ಇರೋದೂ ಅಲ್ಲೇ. ಬುಕ್ ಮಾಡೋ ಮುಂಚೆ 'ಆಹಾರ ಹಾಕ್ತೀರಾ' ಅಂತ ಕೇಳಿ, ಹೌದು ಅಂದ್ರೆ ಬಿಟ್ಟುಬಿಡಿ.

ಸಾಧನಕೇರಿ_ಬಸ್ಯಾ: ಆಮೆ ವಿಷಯ ಒಪ್ಪಿದೆ. ಆದ್ರೂ ಅಪ್ಪ ಅವ್ವ ನೀರಿಗೆ ಇಳೀಲೇಬೇಕು ಅಂತ ಏನಿಲ್ಲ, ನೀರು ತಿಳಿ ಇರ್ತದ, ಡೆಕ್ಕಿನ ಮ್ಯಾಲಿಂದನೂ ಕಾಣ್ತಾವ. ವಾಂತಿ ತಡಿಯೋ ಗುಳಿಗಿ ಹೊಟ್ಟಿ ತೊಳಸಾಕ ಹತ್ತಿದ ಮ್ಯಾಲೆ ತಗೊಂಡ್ರ ಉಪಯೋಗಿಲ್ಲ, ಹತ್ತೂದಕ್ಕ ಒಂದು ತಾಸು ಮೊದಲ ತಗೋಬೇಕು.

ನಕಾಶೆಹುಚ್ಚ: ಇಬ್ಬರೂ ಮುಖ್ಯವಾದದ್ದನ್ನೇ ಬಿಟ್ಟಿದೀರಿ. ಜುಲೈ ಅಂದ್ರೆ ಸಾರ್ಗಾಸಮ್ ಕಾಲ. ಈ ಕಂದು ಪಾಚಿ ಅಟ್ಲಾಂಟಿಕ್ ಕಡೆಯಿಂದ ತೇಲಿ ಬಂದು ಪೂರ್ವ ಮತ್ತು ದಕ್ಷಿಣ ತೀರಗಳಲ್ಲಿ ರಾಶಿ ಬೀಳುತ್ತೆ, ಪಶ್ಚಿಮ ಬಹುಮಟ್ಟಿಗೆ ಬಚಾವ್. ಕೊಳೆತರೆ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆ. ಅಮ್ಮನ ಬೆಳ್ಳಿ ಕಾಲುಂಗುರ ಕಪ್ಪಾಗಬಹುದು. ಅದಕ್ಕೇ ಪಶ್ಚಿಮದಲ್ಲಿ ಉಳೀರಿ ಅಂತೀನಿ. ದುಬಾರಿ, ನಿಜ. ಆದರೆ ಎಲ್ಲ ಬೀಚೂ ಸಾರ್ವಜನಿಕ, ದೊಡ್ಡ ಹೋಟೆಲ್ ಮುಂದಿನ ಮರಳಿನಲ್ಲೂ ಕೂರಬಹುದು. ಕುರ್ಚಿ ಮಾತ್ರ ಅವರದ್ದು. ಹಾಗಾಗಿ ರಸ್ತೆಯ ಆಚೆ ಬದಿಯ ಅಪಾರ್ಟ್‌ಮೆಂಟ್ ಹಿಡಿದರೂ ಸಮುದ್ರ ಅದೇ.

ಇನ್ನು ಬಿರುಗಾಳಿ. ಜೂನ್ 1ರಿಂದ ನವೆಂಬರ್ 30 ಅದರ ಋತು. 2024ರ ಜೂನ್ 29ರಂದು ದ್ರಾವಿಡ್ ಕೋಚ್ ಆಗಿದ್ದ ತಂಡ ಕೆನ್ಸಿಂಗ್ಟನ್ ಓವಲ್‌ನಲ್ಲಿ ವಿಶ್ವಕಪ್ ಗೆದ್ದ ಮೇಲೆ ಬೆರಿಲ್ ಚಂಡಮಾರುತ ಬಂದು, ವಿಮಾನ ನಿಲ್ದಾಣ ಮುಚ್ಚಿ ಎಲ್ಲರೂ ಅಲ್ಲೇ ಸಿಕ್ಕಿಬಿದ್ದಿದ್ದು ನೆನಪಿದೆ ತಾನೇ? ಪ್ರಯಾಣ ವಿಮೆ ಈಗಲೇ ತಗೊಳ್ಳಿ. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಚಂಡಮಾರುತಕ್ಕೆ ಅನ್ವಯಿಸಲ್ಲ.

ಅಳಿವೆಬಾಗಿಲು: ಪಾಚಿ ದಿನಾ ಬರಲ್ಲ ಮಾರಾಯ್ರೆ. ದಕ್ಷಿಣದಲ್ಲಿ ಬಸ್ಸು, ಅಂಗಡಿ, ಊಟ ಎಲ್ಲ ನಡೆಯೋ ದೂರದಲ್ಲಿ. ಓಯ್‌ಸ್ಟಿನ್ಸ್ ಪಕ್ಕದ ಮಿಯಾಮಿ ಬೀಚಿನ ಒಂದು ಬದಿ ಕೆರೆಯ ಹಾಗೆ ಶಾಂತ, ಈಜು ಬರದವರಿಗೆ ಹೇಳಿ ಮಾಡಿಸಿದ್ದು. ಪಾಚಿ ಬಂದ ದಿನ ಬಸ್ ಹತ್ತಿ ಪಶ್ಚಿಮಕ್ಕೆ ಹೋದ್ರಾಯ್ತು. ಟಿಕೆಟ್ 3.50 ಬಾರ್ಬಡೋಸ್ ಡಾಲರ್, ಅಂದ್ರೆ 1.75 ಅಮೆರಿಕನ್ ಡಾಲರ್. ಸರ್ಕಾರಿ ನೀಲಿ ಬಸ್ಸಲ್ಲಿ ಚಿಲ್ಲರೆ ಕೊಡಲ್ಲ, ಸರಿಯಾಗಿ ಎಣಿಸಿ ಇಟ್ಟುಕೊಳ್ಳಿ. ಝೆಡ್‌ಆರ್ ಅನ್ನೋ ಬಿಳಿ ವ್ಯಾನ್‌ಗಳಲ್ಲಿ ಹಾಡಿನ ಅಬ್ಬರ, ಒತ್ತಿ ಕೂರಿಸ್ತಾರೆ. ಹಿರಿಯರಿಗೆ ನೀಲಿ ಬಸ್ಸೇ ವಾಸಿ. ಸ್ಟಾಪಿನ ಬೋರ್ಡ್ ಓದಿ: 'ಟು ಸಿಟಿ' ಅಂದ್ರೆ ಬ್ರಿಜ್‌ಟೌನ್ ಕಡೆ, 'ಔಟ್ ಆಫ್ ಸಿಟಿ' ಅಂದ್ರೆ ಅಲ್ಲಿಂದ ಹೊರಗೆ.

ಮಲ್ಲಿಗೆ_ಟೊರೊಂಟೊ: ಬಾತ್‌ಶೆಬಾ ಫೋಟೋಗಳು ತುಂಬಾ ಚೆನ್ನಾಗಿವೆ. ಅಲ್ಲಿ ನೀರಿಗಿಳಿಯಬಹುದಾ?

ನಕಾಶೆಹುಚ್ಚ: ಇಳಿಯಬೇಡಿ. ಅದು ಪೂರ್ವ ತೀರ, ಆಫ್ರಿಕಾದವರೆಗೆ ಅಲೆಗೆ ಅಡ್ಡ ಬರೋ ನೆಲವೇ ಇಲ್ಲ. ಅಲ್ಲಿನ ಸೂಪ್ ಬೌಲ್ ಪಳಗಿದ ಸರ್ಫರ್‌ಗಳ ಜಾಗ. ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸ್ಥಳೀಯರು ಕೂರ್ತಾರೆ, ಅವರನ್ನ ನೋಡಿ, ಅವರು ಕೂತಲ್ಲೇ ಕೂತ್ಕೊಳ್ಳಿ. ಎಲ್ಲೇ ಆಗಲಿ ಕೆಂಪು ಬಾವುಟ ಇದ್ರೆ ನೀರು ಬೇಡ. ಈಜುವವರು ಸೆಳೆತಕ್ಕೆ ಸಿಕ್ಕಿದ್ರೆ ದಡದ ಕಡೆ ಗುದ್ದಾಡಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆ ತಿರುಗಬೇಕು.

ಸಾಧನಕೇರಿ_ಬಸ್ಯಾ: ಮ್ಯಾಂಚಿನೀಲ್ ಗಿಡದ ಬಗ್ಗೆ ಯಾರೂ ಹೇಳಲೇ ಇಲ್ಲಲ್ರೀ! ದಂಡಿ ಮ್ಯಾಲೆ ಬೆಳೀತದ, ಸಣ್ಣ ಹಸಿರು ಸೇಬಿನಂಥ ಕಾಯಿ. ತಿಂದ್ರ ಬಾಯಿ, ಗಂಟಲು ಸುಡ್ತದ. ಹಾಲು ತಾಗಿದ್ರ ಬೊಬ್ಬಿ ಬರ್ತಾವ. ಮಳಿ ಬಂತಂತ ಅದರ ಕೆಳಗ ನಿಲ್ಲಬ್ಯಾಡ್ರಿ, ಎಲಿಯಿಂದ ತೊಟ್ಟಿಕ್ಕೋ ನೀರೂ ಸುಡ್ತದ. ಭಾಳ ಕಡೆ ಬೊಡ್ಡಿಗೆ ಕೆಂಪು ಪಟ್ಟಿ ಬಳದಿರ್ತಾರ. ಮತ್ತ ಮಿಲಿಟರಿ ಚುಕ್ಕಿ ಅರಿವಿ ಒಯ್ಯಬ್ಯಾಡ್ರಿ, ಅಲ್ಲಿ ಅದು ಕಾನೂನುಬಾಹಿರ, ಸಣ್ಣ ಹುಡುಗರಿಗೂ.

ನಕಾಶೆಹುಚ್ಚ: ಬಿಸಿಲಿನ ಬಗ್ಗೆ: ಬಾರ್ಬಡೋಸ್ 13 ಡಿಗ್ರಿ ಉತ್ತರ ಅಕ್ಷಾಂಶ, ಹೆಚ್ಚುಕಮ್ಮಿ ಬೆಂಗಳೂರಿನದ್ದೇ. ಆದರೆ ಗಾಳಿ ಸದಾ ಬೀಸ್ತಿರೋದರಿಂದ ಸುಟ್ಟಿದ್ದು ರಾತ್ರಿಯೇ ಗೊತ್ತಾಗೋದು. ಸ್ನಾರ್ಕೆಲ್ ಮಾಡುವಾಗ ಬೆನ್ನು, ಮಂಡಿಯ ಹಿಂಭಾಗ ಮೊದಲು ಬೇಯುತ್ತೆ. ತುಂಬುತೋಳಿನ ಈಜುಡುಪು ಯಾವ ಕ್ರೀಮ್‌ಗಿಂತಲೂ ಮೇಲು.

ಅಳಿವೆಬಾಗಿಲು: ಊಟ: ಕೂಕೂ ಅಂತ ಕೇಳಿ. ಮೆಕ್ಕೆಜೋಳದ ಹಿಟ್ಟಿಗೆ ಬೆಂಡೆಕಾಯಿ ಹಾಕಿ ತಿರುವಿದ ಮೆತ್ತನೆ ಮುದ್ದೆ. ಹಾರುವ ಮೀನಿನ ಗ್ರೇವಿ ಜೊತೆ ಬರುತ್ತೆ, ಗ್ರೇವಿ ಬೇಡ ಅಂತ ಮೊದಲೇ ಹೇಳಿ. ರೋಟಿ ಅಂಗಡಿಗಳಲ್ಲಿ ಕಡಲೆ-ಆಲೂ ರೋಟಿ ಸಿಗುತ್ತೆ. 'ಐಟಲ್' ಅಂತ ಬೋರ್ಡ್ ಇದ್ರೆ ರಾಸ್ತಾಫರಿ ಪಂಥದವರ ಅಡುಗೆ: ಮಾಂಸ ಇಲ್ಲ, ಎಷ್ಟೋ ಸಲ ಉಪ್ಪೂ ಇಲ್ಲ. ಓಯ್‌ಸ್ಟಿನ್ಸ್‌ನ ಶುಕ್ರವಾರದ ಮೀನು ಸಂತೆಯಲ್ಲಿ ನಿಮ್ಮ ಅಪ್ಪ ಅಮ್ಮನಿಗೆ ಬಾಳೆ ಮತ್ತು ಹಲಸಿನ ಸಂಬಂಧಿಯಾದ ಬ್ರೆಡ್‌ಫ್ರೂಟ್ ಬಿಟ್ರೆ ಹೆಚ್ಚೇನಿಲ್ಲ.

ಮಲ್ಲಿಗೆ_ಟೊರೊಂಟೊ: ಕಾರ್ಲೈಲ್ ಬೇಯಲ್ಲೇ ದಡದಿಂದ ಪ್ರಯತ್ನಿಸ್ತೀವಿ. ಕೊನೇ ಪ್ರಶ್ನೆ: ಅಪ್ಪನಿಗೆ ದಪ್ಪ ಮೀಸೆ. ಮಾಸ್ಕ್ ಒಳಗೆ ನೀರು ಬರುತ್ತಂತೆ?

ಅಳಿವೆಬಾಗಿಲು: ಬರುತ್ತೆ, ಮೂಗಿನ ಕೆಳಗಿನಿಂದ. ಅಂಗಡಿಯಲ್ಲೇ ಪಟ್ಟಿ ಹಾಕದೆ ಮಾಸ್ಕನ್ನ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆಯಲಿ. ಕೈ ಬಿಟ್ಟರೂ ಕಚ್ಚಿಕೊಂಡಿದ್ರೆ ಅಳತೆ ಸರಿ. ಮೀಸೆಯ ಮೇಲಂಚಿಗೆ ಸಿಲಿಕಾನ್ ಗ್ರೀಸ್ ತೆಳುವಾಗಿ ಹಚ್ಚಿ. ವ್ಯಾಸಲಿನ್ ರಬ್ಬರ್ ಮಾಸ್ಕನ್ನ ಹಾಳುಮಾಡುತ್ತೆ. ಅಷ್ಟಾದ್ರೂ ಸೋರುತ್ತೆ ಅಂತ ಪಟ್ಟಿ ಬಿಗಿ ಮಾಡಬೇಡಿ, ಅಂಚು ಮಡಚಿಕೊಂಡು ಇನ್ನೂ ಸೋರುತ್ತೆ. ಮೂಗಿನ ತಳದಲ್ಲಿ ಅರ್ಧ ಸೆಂಟಿಮೀಟರ್ ಅಗಲ ಬೋಳಿಸಲು ಒಪ್ಪಿದ್ರೆ ಸಮಸ್ಯೆಯೇ ಇಲ್ಲ.

ಸಾಧನಕೇರಿ_ಬಸ್ಯಾ: ಮೀಸಿ ಬೋಳಿಸೂದಕ್ಕಿಂತ ಕಟಮರಾನ್ ಸೋವಿ ಅಂತಾರ ನೋಡ್ರಿ ಅವರಪ್ಪ.